ಹಳೆಯ ಯಂತ್ರ, ಹೊಸ ಯಂತ್ರ: ಯಾವುದು ಯಾರಿಗೆ?



ಈ ವಾರದ ಚಿಂತನೆ ಬರೆಯುವ ಪಾಳಿ ನನ್ನದು. ಹಿಂದಿನ ವಾರಗಳಲ್ಲಿ ಕರುಣೆ, ಕ್ಷಾಂತಿ, ಸಮ್ಯಕ್ ವಾಚಾ ಇಂಥ ದೊಡ್ಡ ವಿಷಯಗಳು ಬಂದಿವೆ. ನನ್ನದು ಸಣ್ಣ ವಿಷಯ. ನನ್ನ ಬಳಿ ಗೇಮ್ ಆಡುವ ಒಂದು ಹಳೆಯ ಕಂಪ್ಯೂಟರ್ ಇದೆ. ಅದರ ಬಿಡಿಭಾಗ ಬದಲಿಸಿ ಇನ್ನಷ್ಟು ಕಾಲ ಓಡಿಸುವುದೋ, ಅದನ್ನು ತೆಗೆದು ಹೊಸದನ್ನು ಕೊಳ್ಳುವುದೋ? ನಗಬೇಡಿ. ಎರಡು ತಿಂಗಳಿಂದ ಈ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ನೋಡಿದಾಗ ಅದರೊಳಗೆ ನಮ್ಮ ಹಣ, ನಮ್ಮ ಆಸೆ, ನಮ್ಮ ಮಕ್ಕಳು, ನಮ್ಮ ಜನರ ಕೈ ಎಲ್ಲವೂ ಕಂಡವು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಂತ್ರದ ಪರಿಚಯ. 2017ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಬಿಡಿಯಾಗಿ ಕೊಂಡು ಜೋಡಿಸಿದ್ದು. ಇಂಟೆಲ್ ಐ5-7400 ಪ್ರೊಸೆಸರ್, 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಯಂತ್ರ ನಡೆಸುವವನು. ಎರಡನೇ ಪಾಳಿ ಮುಗಿಸಿ ಬಂದಾಗ ಮನೆಯವರೆಲ್ಲ ಮಲಗಿರುತ್ತಾರೆ. ಆಗ ಒಂದು ಗಂಟೆ ಆಡುತ್ತೇನೆ. ವಯಸ್ಸು ನಲವತ್ತೆರಡು. ಇದರಲ್ಲಿ ನನಗೆ ಸಂಕೋಚವಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ.

ಯಂತ್ರ ಹಳೆಯದಾಯಿತು ಎನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಾರ್ಡ್ ಡಿಸ್ಕ್ ನಿಜವಾಗಿಯೂ ಸವೆದಿದೆ. ಅದರೊಳಗಿನ ತಟ್ಟೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಂಥದ್ದು. ಒಂಬತ್ತು ವರ್ಷ ತಿರುಗಿ ಈಗ ಕಟಕಟ ಎನ್ನುತ್ತಿದೆ. ಇದು ಅನಿತ್ಯ, ಇದರಲ್ಲಿ ಯಾರ ತಪ್ಪೂ ಇಲ್ಲ. ಗ್ರಾಫಿಕ್ಸ್ ಕಾರ್ಡಿನ ಕಥೆ ಬೇರೆ. ಅದು ಸವೆದಿಲ್ಲ, ಅದರ ಸುತ್ತಲಿನ ಲೋಕ ಮುಂದೆ ಹೋಗಿದೆ. ಬೆಳಕಿನ ಕಿರಣದ ಲೆಕ್ಕ ಹಾಕಬಲ್ಲ ಕಾರ್ಡ್ ಇಲ್ಲದಿದ್ದರೆ ತೆರೆದುಕೊಳ್ಳದೇ ಇರುವ ಗೇಮ್‌ಗಳು 2024ರ ಕೊನೆಯಿಂದ ಬರತೊಡಗಿವೆ. 'ಡೂಮ್: ದಿ ಡಾರ್ಕ್ ಏಜಸ್' ಅಂಥದ್ದೊಂದು. ನನ್ನ ಕಾರ್ಡಿಗೆ ಆ ಶಕ್ತಿ ಹುಟ್ಟಿನಿಂದಲೇ ಇಲ್ಲ.

ಮೂರನೆಯದೇ ನನ್ನನ್ನು ಹೆಚ್ಚು ಕಾಡಿದ್ದು. ಪ್ರೊಸೆಸರ್ ಸವೆದೂ ಇಲ್ಲ, ನನ್ನ ಕೆಲಸಕ್ಕೆ ಸಾಲದೆಯೂ ಇಲ್ಲ. ಆದರೂ ಅದು ಹಳೆಯದು, ಯಾಕೆಂದರೆ ಹಾಗೆಂದು ಘೋಷಿಸಲಾಗಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನಿಂದ ಮೇಲಿನ ಪ್ರೊಸೆಸರ್ ಬೇಕು ಎಂದು ಮೈಕ್ರೋಸಾಫ್ಟ್ ನಿಯಮ ಮಾಡಿತು. ನನ್ನದು ಏಳನೆಯದು. ವಿಂಡೋಸ್ 10ಕ್ಕೆ ಬೆಂಬಲ ನಿಂತ ದಿನ 2025ರ ಅಕ್ಟೋಬರ್ 14. ಈ ದಿನಾಂಕ ನೋಡಿ ಒಂದು ಕ್ಷಣ ನಕ್ಕೆ. ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರೊಂದಿಗೆ ಧಮ್ಮ ಸ್ವೀಕರಿಸಿದ ದಿನವೂ ಅಕ್ಟೋಬರ್ 14. ಹುಟ್ಟಿದ ಕಾರಣಕ್ಕೇ ನೀನು ಅರ್ಹನಲ್ಲ ಎಂಬ ಮಾತನ್ನು ನಾವು ಹೊರಗೆಸೆದ ದಿನ ಅದು. ಅದೇ ದಿನ ನನ್ನ ಯಂತ್ರಕ್ಕೆ ನೀನು ಹುಟ್ಟಿದ ತಲೆಮಾರೇ ಸರಿಯಿಲ್ಲ ಎಂಬ ಮಾತು ಬಂತು! ಇದು ಬರೀ ಕಾಕತಾಳೀಯ. ಯಂತ್ರಕ್ಕೆ ನೋವಿಲ್ಲ, ಮನುಷ್ಯನಿಗಿದೆ. ಹೋಲಿಕೆಯನ್ನು ಎಳೆಯುವುದಿಲ್ಲ. ಸುರಕ್ಷತೆಯ ಕಾರಣಗಳೂ ಆ ನಿಯಮದ ಹಿಂದಿವೆ ಎಂಬುದು ನಿಜ. ಆದರೂ ಹಳತು ಎನ್ನುವ ಪದ ಯಾರ ಬಾಯಿಂದ ಬರುತ್ತಿದೆ, ಅದರಿಂದ ಯಾರಿಗೆ ವ್ಯಾಪಾರ ಎಂದು ಕೇಳುವ ಅಭ್ಯಾಸ ನಮಗೆ ಇರಲೇಬೇಕು.

ಗೇಮ್ ಆಡುವುದೇ ಧಮ್ಮಕ್ಕೆ ಒಪ್ಪುವುದಿಲ್ಲ, ಮೊದಲು ಅದನ್ನು ಬಿಡಿ, ಆಮೇಲೆ ಕಂಪ್ಯೂಟರಿನ ಮಾತು ಎಂದು ಕೆಲವು ಹಿರಿಯರು ಹೇಳಬಹುದು. ಬ್ರಹ್ಮಜಾಲ ಸುತ್ತದಲ್ಲಿ ಎಂಟು ಮನೆ, ಹತ್ತು ಮನೆಯ ಆಟಗಳ ಪಟ್ಟಿಯೇ ಇದೆ. ಆದರೆ ಅದು ಸಮಣರ ನಡತೆಯನ್ನು ಕುರಿತ ಮಾತು. ಗೃಹಸ್ಥನಿಗೆ ಹೇಳಿದ ಸಿಗಾಲೋವಾದ ಸುತ್ತದಲ್ಲಿ ಸಂಪತ್ತು ಸೋರಿಹೋಗುವ ಬಾಗಿಲುಗಳಲ್ಲಿ ಒಂದಾಗಿ ಬರುವುದು ಜೂಜು. ದುಡ್ಡು ಹಚ್ಚಿ ಆಡುವ ಆನ್‌ಲೈನ್ ಆಟಗಳು ನಮ್ಮ ಎಷ್ಟು ಹುಡುಗರನ್ನು ಸಾಲಕ್ಕೆ ನೂಕಿದವು ಎಂಬುದು ನಿಮಗೆಲ್ಲ ಗೊತ್ತು. 2025ರಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸುವ ಕಾನೂನನ್ನೂ ಮಾಡಿತು. ನಾನು ಹೇಳುತ್ತಿರುವ ಆಟ ಅದಲ್ಲ. ಇದರಲ್ಲಿ ಗೆದ್ದರೆ ಬರುವುದೂ ಇಲ್ಲ, ಸೋತರೆ ಹೋಗುವುದೂ ಇಲ್ಲ, ನಿದ್ದೆಯೊಂದನ್ನು ಬಿಟ್ಟು.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. 1945ರಲ್ಲಿ ಬಂದ 'ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು' ಎಂಬ ಗ್ರಂಥದಲ್ಲಿ ಬಾಬಾಸಾಹೇಬರು ಯಂತ್ರದ ಪರವಾಗಿ ವಾದಿಸುತ್ತಾರೆ. ಯಂತ್ರ ಬೇಡ, ಸರಳವಾಗಿ ಬದುಕಿ, ಹಳ್ಳಿಗೆ ಮರಳಿ ಎನ್ನುವ ಮಾತು ಯಾರಿಗೆ ಅನುಕೂಲ, ಯಾರಿಗೆ ಶಿಕ್ಷೆ ಎಂದು ಅಲ್ಲಿ ಬಿಡಿಸಿ ತೋರಿಸುತ್ತಾರೆ. ಮನುಷ್ಯ ಮೃಗದಂತೆ ದುಡಿಯುವುದರಿಂದ ಬಿಡುಗಡೆಯಾಗಬೇಕಾದರೆ ಬಿಡುವು ಬೇಕು, ಬಿಡುವು ಬೇಕಾದರೆ ಯಂತ್ರ ಬೇಕು ಎನ್ನುವುದು ಅವರ ವಾದದ ಸಾರ. ನನ್ನ ಅಪ್ಪ ನಗರಪಾಲಿಕೆಯ ಗುತ್ತಿಗೆಯಲ್ಲಿ ಬೀದಿ ಗುಡಿಸಿದವರು. ಅವರು ಆಟ ಆಡಿದ್ದನ್ನು ನಾನು ನೋಡಿಲ್ಲ. ಚೌಕಾಬಾರ ಕೂಡ. ಸಂಜೆ ಬಂದರೆ ಕೈಕಾಲು ತೊಳೆದು ಗೋಡೆಗೆ ಒರಗುತ್ತಿದ್ದರು, ಅಷ್ಟೇ. ನನಗೆ ರಾತ್ರಿ ಒಂದು ಗಂಟೆ ನನ್ನದೇ ಆದ ಗಂಟೆ ಇದೆ. ಅದು ನಮ್ಮ ಮನೆತನದಲ್ಲಿ ಮೊದಲ ಬಾರಿಗೆ ಬಂದ ಆಸ್ತಿ. ಅದನ್ನು ಪಾಪ ಎಂದು ಕರೆಯಲು ನಾನು ಸಿದ್ಧನಿಲ್ಲ. ಸರಳತೆಯ ಉಪದೇಶ ಹೊಟ್ಟೆ ತುಂಬಿದವರ ಬಾಯಿಂದ ಬಂದಾಗ ಸ್ವಲ್ಪ ಅನುಮಾನದಿಂದಲೇ ಕೇಳಬೇಕು.

ಹಾಗಾದರೆ ಹೊಸದನ್ನೇ ಕೊಳ್ಳು ಎನ್ನುತ್ತೀರಿ. ಲೆಕ್ಕ ಹೇಳುತ್ತೇನೆ. ಎರಡು ವರ್ಷದಲ್ಲಿ ಇದಕ್ಕೆಂದೇ ನಾನು ಎತ್ತಿಟ್ಟದ್ದು 60,000 ರೂಪಾಯಿ. ನನಗೆ ಬೇಕೆನಿಸಿದ ಹೊಸ ಯಂತ್ರಕ್ಕೆ ಅಂಗಡಿಯವರು ಕೊಟ್ಟ ಲೆಕ್ಕ 1,05,000. 2025ರ ಕೊನೆಯಿಂದ ಮೆಮೊರಿಯ ಬೆಲೆ ವಿಪರೀತ ಏರಿದೆ. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಚಿಪ್‌ಗಳನ್ನು ಎತ್ತಿಕೊಳ್ಳುತ್ತಿರುವುದೇ ಕಾರಣ. ಉಳಿದ 45,000ಕ್ಕೆ ಕಂತು ಮಾಡಿಕೊಡುತ್ತೇವೆ ಎಂದು ಅಂಗಡಿಯ ಹುಡುಗ ಬಹಳ ಪ್ರೀತಿಯಿಂದ ಹೇಳಿದ. ಬಡ್ಡಿಯೇ ಇಲ್ಲ ಸಾರ್ ಎಂದ.

ಅನಾಥಪಿಂಡಿಕನಿಗೆ ಬುದ್ಧರು ಗೃಹಸ್ಥನ ನಾಲ್ಕು ಸುಖಗಳನ್ನು ಹೇಳುತ್ತಾರೆ. ಸಂಪತ್ತು ಇದೆ ಎನ್ನುವ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ಕಳಂಕವಿಲ್ಲದ ಸುಖ. ಮೊದಲ ಎರಡನ್ನು ಬುದ್ಧರು ಸುಖವೆಂದೇ ಕರೆದಿದ್ದಾರೆ ಎನ್ನುವುದನ್ನು ಗಮನಿಸಿ. ದುಡಿದದ್ದನ್ನು ಅನುಭವಿಸಬಾರದು ಎಂದು ಎಲ್ಲೂ ಹೇಳಿಲ್ಲ. ಸಿಗಾಲೋವಾದದಲ್ಲೂ ಗಳಿಕೆಯ ನಾಲ್ಕು ಪಾಲಿನಲ್ಲಿ ಒಂದು ಪಾಲು ಅನುಭೋಗಕ್ಕೇ ಇದೆ, ಎರಡು ಪಾಲು ಕಸುಬಿಗೆ, ಒಂದು ಪಾಲು ಕಷ್ಟಕಾಲಕ್ಕೆ. ಆದರೆ ಎರಡನೇ ಸುಖಕ್ಕಾಗಿ ಮೂರನೆಯದನ್ನು ಮಾರಬೇಕೇ? ನಮ್ಮ ಕೇರಿಗಳ ಚರಿತ್ರೆಯಲ್ಲಿ ಸಾಲ ಎಂದರೆ ಬರೀ ಅಂಕಿ ಅಲ್ಲ. ಜೀತ ಎನ್ನುವುದು ಶುರುವಾಗುತ್ತಿದ್ದದ್ದೇ ಸಾಲದಿಂದ. ಜೀತ ಪದ್ಧತಿ ರದ್ದಾದದ್ದು 1976ರ ಕಾಯ್ದೆಯಲ್ಲಿ. ನನ್ನ ತಾತನ ಕಾಲವಂತೂ ಅದರೊಳಗೇ ಕಳೆಯಿತು. ಬಡ್ಡಿಯಿಲ್ಲದ ಕಂತು ಜೀತವಲ್ಲ, ಒಪ್ಪುತ್ತೇನೆ. ಕಸುಬಿಗೆ ಬೇಕಾದ ಯಂತ್ರಕ್ಕೆ ಕಂತು ಮಾಡುವುದನ್ನೂ ಒಪ್ಪುತ್ತೇನೆ. ನಮ್ಮ ಬಳಗದ ಒಬ್ಬ ಹುಡುಗ ಮದುವೆ ವಿಡಿಯೋ ಸಂಕಲನ ಮಾಡಿ ಮನೆ ನಡೆಸುತ್ತಾನೆ. ಅವನು ನಾಳೆಯೇ ಹೊಸದನ್ನು ಕೊಳ್ಳಲಿ. ಅದು ಕಸುಬಿನ ಎರಡು ಪಾಲಿನೊಳಗೆ ಬರುತ್ತದೆ. ಆಟಕ್ಕೆ ಕಂತು ಬೇಡ ಎಂದು ಮಾತ್ರ ಮೊದಲೇ ನಿರ್ಧರಿಸಿದೆ. ಅಲ್ಲಿಗೆ 1,05,000ದ ಯಂತ್ರ ಬಿತ್ತು.

ಉಳಿದದ್ದು ಬದಲಾವಣೆಯ ದಾರಿ. ಇದರಲ್ಲಿ ಒಂದು ತಮಾಷೆ ಇದೆ. ಪ್ರೊಸೆಸರ್ ಮಾತ್ರ ಬದಲಿಸೋಣ ಎಂದರೆ ನನ್ನ ಮದರ್‌ಬೋರ್ಡ್ ಏಳನೇ ತಲೆಮಾರಿನವರೆಗೆ ಮಾತ್ರ ಒಪ್ಪುತ್ತದೆ. ಎಂಟನೆಯದರ ಸಾಕೆಟ್ಟಿಗೂ 1151 ಎಂದೇ ಹೆಸರು, ಆದರೆ ಅದಕ್ಕೆ ಬೇರೆ ಬೋರ್ಡೇ ಬೇಕು. ಬೋರ್ಡ್ ಬದಲಿಸಿ ಇವತ್ತಿನ ಹೊಸದನ್ನು ಹಾಕಿದರೆ ಅದು ಡಿಡಿಆರ್5 ರ್‍ಯಾಮ್ ಕೇಳುತ್ತದೆ, ನನ್ನ ಡಿಡಿಆರ್4 ಕೂರುವುದಿಲ್ಲ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಪವರ್ ಸಪ್ಲೈ ಬದಲಿಸಬೇಕು. ಈಗಿರುವ ಕಾರ್ಡ್ 75 ವಾಟ್‌ನಲ್ಲಿ ಬದುಕುವ ಬಡವ, ಆರ್‌ಟಿಎಕ್ಸ್ 3060ಗೆ 170 ವಾಟ್ ಬೇಕು. ಒಂದು ಇದ್ದರೆ ಇನ್ನೊಂದು, ಒಂದು ಹೋದರೆ ಇನ್ನೊಂದೂ ಹೋಗುತ್ತದೆ. ಪಟಿಚ್ಚಸಮುಪ್ಪಾದವನ್ನು ಮಕ್ಕಳಿಗೆ ಹೇಳಿಕೊಡಬೇಕಾದರೆ ಒಂದು ಕಂಪ್ಯೂಟರ್ ಬಿಚ್ಚಿ ತೋರಿಸಿದರೆ ಸಾಕು.

ಹೀಗೆ ಎಲ್ಲವನ್ನೂ ಬದಲಿಸಿ ಕೊನೆಗೆ ತಗಡಿನ ಪೆಟ್ಟಿಗೆ ಮಾತ್ರ ಉಳಿದರೆ ಅದು ಹಳೆಯ ಕಂಪ್ಯೂಟರೋ ಹೊಸದೋ? ಮಿಲಿಂದ ರಾಜನಿಗೆ ಭಿಕ್ಷು ನಾಗಸೇನರು ಕೇಳಿದ್ದು ಇದನ್ನೇ. ನೀನು ರಥದಲ್ಲಿ ಬಂದೆ ಎನ್ನುತ್ತೀಯಲ್ಲ, ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಇವೆಲ್ಲವನ್ನು ಬಿಟ್ಟು ಬೇರೆ ಎಲ್ಲಾದರೂ ರಥ ಇದೆಯೇ? ರಾಜ ಒಂದೊಂದಕ್ಕೂ ಇಲ್ಲ ಎನ್ನುತ್ತಾನೆ. ಭಾಗಗಳು ಕೂಡಿದಾಗ ವ್ಯವಹಾರಕ್ಕೆ ಇಟ್ಟ ಹೆಸರು ರಥ, ಅಷ್ಟೇ. ನಾವು ಇದನ್ನು ಅನತ್ತಕ್ಕೆ ಉದಾಹರಣೆಯಾಗಿ ಓದುತ್ತೇವೆ. ನನಗೆ ಅದರಿಂದ ಒಂದು ವ್ಯಾವಹಾರಿಕ ಲಾಭವೂ ಆಯಿತು. 'ನನ್ನ ಮೊದಲ ಕಂಪ್ಯೂಟರ್' ಎಂಬ ಮೋಹವೂ ಸಡಿಲವಾಯಿತು, 'ಇದರ ಕಾಲ ಮುಗಿಯಿತು' ಎಂಬ ಬೇಸರವೂ ಸಡಿಲವಾಯಿತು. ಕಾಲ ಮುಗಿದದ್ದು ಹಾರ್ಡ್ ಡಿಸ್ಕಿನದು. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿದರೆ ಉಳಿದದ್ದೆಲ್ಲ ಎದ್ದು ಕೂರುತ್ತದೆ. ಕಾರ್ಖಾನೆಯಲ್ಲಿ ನಾವು ಮಾಡುವುದೂ ಇದೇ. ಇಪ್ಪತ್ತು ವರ್ಷದ ಲೇತ್‌ಗೆ ಹೊಸ ಕಂಟ್ರೋಲರ್ ಕೂರಿಸುತ್ತೇವೆ, ಎರಕದ ಕಬ್ಬಿಣದ ಮೈಯನ್ನು ಯಾರೂ ಗುಜರಿಗೆ ಹಾಕುವುದಿಲ್ಲ.

ವಿಂಡೋಸ್ ಇಲ್ಲದಿದ್ದರೆ ಲಿನಕ್ಸ್ ಮಿಂಟ್ ಇದೆ, ಹಣ ಕೊಡಬೇಕಿಲ್ಲ. ಸ್ಟೀಮ್‌ನವರ ಪ್ರೋಟಾನ್ ಎಂಬ ವ್ಯವಸ್ಥೆಯಿಂದ ವಿಂಡೋಸ್‌ನ ಬಹಳಷ್ಟು ಗೇಮ್‌ಗಳು ಅದರಲ್ಲೇ ಓಡುತ್ತವೆ. ವ್ಯಾಲೊರಂಟ್‌ನಂಥವು ಓಡುವುದಿಲ್ಲ. ನನ್ನ ತಂಗಿಯ ಮಗನಿಗೆ ಇದು ದೊಡ್ಡ ದುಃಖ, ನನಗಲ್ಲ.

ಇಲ್ಲಿಯವರೆಗೆ ಇದು ನನ್ನ ಮತ್ತು ನನ್ನ ಯಂತ್ರದ ವಿಷಯವಾಗಿತ್ತು. ಮನೆಯಲ್ಲಿ ಮಾತಾಡುವಾಗ ನನ್ನ ಹೆಂಡತಿ ಬೇರೊಂದು ದಾರಿ ಹೇಳಿದಳು. ಅವಳ ಲೆಕ್ಕ ಯಾವಾಗಲೂ ನನ್ನದಕ್ಕಿಂತ ಚುರುಕು. 60,000ದೊಳಗೇ ಸಾಧಾರಣ ಹೊಸದನ್ನು ನೀವು ಕೊಳ್ಳಿ, ಹಳೆಯದಕ್ಕೆ ಐದು ಸಾವಿರದ ಎಸ್‌ಎಸ್‌ಡಿ ಹಾಕಿ ವಿಹಾರದ ಪಕ್ಕದ ಸಂಜೆ ಪಾಠದ ಕೋಣೆಗೆ ಕೊಡಿ. ಅಲ್ಲಿ ಹದಿನೆಂಟು ಮಕ್ಕಳಿಗೆ ಒಂದೂ ಕಂಪ್ಯೂಟರ್ ಇಲ್ಲ. ನಿಮಗೂ ಸಿಕ್ಕಿತು, ಅವರಿಗೂ ಸಿಕ್ಕಿತು, ಗುಜರಿಗೂ ಹೋಗಲಿಲ್ಲ. ಕೇಳಿದವರೆಲ್ಲ ಇದಕ್ಕಿಂತ ಒಳ್ಳೆಯದು ಯಾವುದಿದೆ ಎಂದರು. ದಾನವೂ ಆಯಿತು ಎಂದರು. ನನಗೆ ಮಾತ್ರ ಎಲ್ಲೋ ಚುಚ್ಚಿತು. ಯಾಕೆ ಚುಚ್ಚಿತು ಎಂದು ಹುಡುಕಿದಾಗ ನೆನಪಾದದ್ದು ಭಿಕ್ಷು ಆನಂದರ ಚೀವರದ ಕಥೆ.

ವಿನಯ ಪಿಟಕದಲ್ಲಿ ಬರುವ ಕಥೆ, ನಿಮ್ಮಲ್ಲಿ ಹಲವರಿಗೆ ಗೊತ್ತು. ಬುದ್ಧರ ಮಹಾಪರಿನಿಬ್ಬಾಣದ ನಂತರ ಆನಂದರು ಕೋಸಂಬಿಗೆ ಬರುತ್ತಾರೆ. ಉದೇನ ರಾಜನ ರಾಣಿಯರು ಧಮ್ಮ ಕೇಳಿ ಸಂತೋಷಪಟ್ಟು ಐದು ನೂರು ಚೀವರ ಕೊಡುತ್ತಾರೆ. ರಾಜನಿಗೆ ಸಿಟ್ಟು. ಈ ಸಮಣನಿಗೆ ಇಷ್ಟೊಂದು ಬಟ್ಟೆ ಯಾಕೆ, ಅಂಗಡಿ ಇಡುತ್ತಾನೆಯೇ ಎಂದು ಗೊಣಗಿ ನೇರವಾಗಿ ಬಂದು ಕೇಳುತ್ತಾನೆ. ಇಷ್ಟನ್ನು ಏನು ಮಾಡುತ್ತೀರಿ? ಚೀವರ ಹರಿದುಹೋದ ಭಿಕ್ಷುಗಳಿಗೆ ಹಂಚುತ್ತೇವೆ. ಅವರ ಹಳೆಯ ಚೀವರ? ಹಾಸಿಗೆಯ ಮೇಲುಹೊದಿಕೆ ಮಾಡುತ್ತೇವೆ. ಹಳೆಯ ಮೇಲುಹೊದಿಕೆ? ಹಾಸಿಗೆಯ ಗವಸು. ಹಳೆಯ ಗವಸು? ನೆಲಹಾಸು. ಹಳೆಯ ನೆಲಹಾಸು? ಕಾಲೊರಸು. ಹಳೆಯ ಕಾಲೊರಸು? ಧೂಳು ಹೊಡೆಯುವ ಬಟ್ಟೆ. ಅದೂ ಹಳೆಯದಾದರೆ? ಕುಟ್ಟಿ ಮಣ್ಣಿನಲ್ಲಿ ಕಲಸಿ ನೆಲ ಸಾರಿಸುತ್ತೇವೆ. ರಾಜ ಮೆಚ್ಚಿ ಇನ್ನೂ ಐದು ನೂರು ಕೊಟ್ಟ.

ಈ ಕಥೆಯನ್ನು ಮಿತವ್ಯಯಕ್ಕೆ ಉದಾಹರಣೆಯಾಗಿ ಹೇಳುತ್ತೇವೆ, ಪರಿಸರ ದಿನದಂದು ಮಕ್ಕಳಿಂದ ನಾಟಕ ಮಾಡಿಸುತ್ತೇವೆ. ಅದು ಸರಿಯೇ. ಆದರೆ ಅದರಲ್ಲಿ ಎರಡು ಸಂಗತಿಗಳನ್ನು ನಾವು ದಾಟಿಕೊಂಡು ಹೋಗುತ್ತೇವೆ ಎಂದು ನನಗೆ ಅನಿಸುತ್ತದೆ. ಒಂದು, ಆನಂದರು ಹೊಸ ಬಟ್ಟೆಯನ್ನು ಬೇಡ ಎನ್ನಲಿಲ್ಲ. ಐದು ನೂರೂ ತೆಗೆದುಕೊಂಡರು. ಹೊಸದು ಬರುವುದೇ ತಪ್ಪು ಎಂಬ ಮಾತು ಅಲ್ಲಿಲ್ಲ. ಎರಡು, ಹೊಸದು ಹೋದದ್ದು ಯಾರಿಗೆ ಎಂದು ನೋಡಿ. ಹರಿದದ್ದನ್ನು ತೊಟ್ಟವರಿಗೆ. ಆನಂದರು ಹೊಸದನ್ನು ತಾವು ಉಟ್ಟು ತಮ್ಮ ಹಳೆಯದನ್ನು ಬರಿಮೈಯವರಿಗೆ ದಾನ ಮಾಡಲಿಲ್ಲ. ಹಳೆಯದು ಎಲ್ಲಿಗೂ ಇಳಿದು ಹೋಗಲಿಲ್ಲ, ಉಟ್ಟವರ ವಿಹಾರದಲ್ಲೇ ಹಾಸಾಗಿ, ಒರಸಾಗಿ, ನೆಲವಾಗಿ ಮುಗಿಯಿತು.

ನಮ್ಮ ಜನ ಇದನ್ನು ಬೇರೆಯವರಿಗಿಂತ ಬೇಗ ಅರ್ಥಮಾಡಿಕೊಳ್ಳಬಲ್ಲರು. ಹಳೆಯ ಬಟ್ಟೆ, ತಂಗಳು, ಸತ್ತ ದನ. ಊರಿಗೆ ಬೇಡವಾದದ್ದೆಲ್ಲ ಕೇರಿಗೆ ಬರುತ್ತಿತ್ತು, ಕೊಟ್ಟವರಿಗೆ ಪುಣ್ಯವೂ ಬರುತ್ತಿತ್ತು. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಕೆರೆಯ ನೀರಿನ ಮಾತು ಮಾತ್ರ ಆಡಲಿಲ್ಲ, ಎಂಜಲು ಬಿಡಿ, ಸತ್ತ ದನದ ಮಾಂಸ ಬಿಡಿ ಎಂದೂ ಹೇಳಿದರು. ಅದು ಆಹಾರದ ಪ್ರಶ್ನೆಯಾಗಿರಲಿಲ್ಲ. ಇತರರಿಗೆ ಬೇಡವಾದದ್ದು ನನಗೆ ಸಾಕು ಎನ್ನುವ ಮನಸ್ಸನ್ನು ಕಿತ್ತುಹಾಕುವ ಪ್ರಶ್ನೆಯಾಗಿತ್ತು.

ಇದಕ್ಕೆ ಬಳಗದ ಒಬ್ಬ ಹಿರಿಯರು ಒಳ್ಳೆಯ ಆಕ್ಷೇಪ ಎತ್ತಿದರು. ನ್ಯೂಯಾರ್ಕಿನಲ್ಲಿ ಓದುವಾಗ ಬಾಬಾಸಾಹೇಬರು ಹಳೆಯ ಪುಸ್ತಕದ ಅಂಗಡಿಗಳನ್ನು ಸುತ್ತಿ ಸುಮಾರು ಎರಡು ಸಾವಿರ ಪುಸ್ತಕ ಕೊಂಡರಲ್ಲ, ಅದೂ ಬೇರೆಯವರು ಬಿಟ್ಟದ್ದೇ ತಾನೇ? ಹಳೆಯದೆಲ್ಲ ಎಂಜಲಾದರೆ ನಾವು ಬದುಕುವುದು ಹೇಗೆ? ಜೊತೆಗೆ, ಹೊಸದೇ ಬೇಕು ಎನ್ನುವ ಹಟದಲ್ಲಿ ಮಾನ ಎಂಬ ಕಿಲೇಸವೂ ಅಡಗಿರಬಹುದು ಎಂದರು. ಈ ಮಾತಿಗೆ ನಾನು ಎರಡು ದಿನ ಉತ್ತರ ಹುಡುಕಿದೆ. ನನಗೆ ಕಂಡದ್ದು ಇಷ್ಟು. ಬಾಬಾಸಾಹೇಬರು ಊಟ ಕಡಿಮೆ ಮಾಡಿ ಉಳಿಸಿದ ಹಣದಲ್ಲಿ ತಾವೇ ಹುಡುಕಿ, ತಾವೇ ಆರಿಸಿ ಆ ಪುಸ್ತಕ ಕೊಂಡರು. ಆರಿಸಿಕೊಂಡ ಹಳೆಯದು ಹಳೆಯದು ಮಾತ್ರ. ಆಯ್ಕೆಯೇ ಇಲ್ಲದೆ ಕೈಗೆ ಬಂದದ್ದು ಎಂಜಲು. ವಸ್ತು ಒಂದೇ ಇರಬಹುದು, ನಡುವೆ ಯಾರ ಇಚ್ಛೆ ಇತ್ತು ಎಂಬುದು ಬೇರೆ. ನಾನು ಎಸ್.ಪಿ. ರಸ್ತೆಯಲ್ಲಿ ಬಳಸಿದ ಕಾರ್ಡ್ ಕೊಂಡರೆ ನನಗೆ ಅವಮಾನವಿಲ್ಲ, ಯಾಕೆಂದರೆ ಅದರ ಗುಣದೋಷ ನೋಡಿ, ಬೆಲೆ ಕಡಿಮೆ ಮಾಡಿಸಿ, ಬೇಡವೆನಿಸಿದರೆ ತಿರುಗಿ ಬರಬಲ್ಲೆ. ಆ ಹದಿನೆಂಟು ಮಕ್ಕಳು ತಿರುಗಿ ಬರಲಾರರು. ಕೊಟ್ಟದ್ದಕ್ಕೆ ಕೈ ಮುಗಿಯಬೇಕು, ಫೋಟೋಗೆ ನಿಲ್ಲಬೇಕು.

ಭಾವನೆಯನ್ನು ಬದಿಗಿಟ್ಟರೂ ಒಂದು ಒಣ ಕಾರಣ ಇದೆ. ಹಳೆಯ ಯಂತ್ರಕ್ಕೆ ಅದರ ಕಾಯಿಲೆ ಗೊತ್ತಿರುವ ವೈದ್ಯ ಬೇಕು. ಮಳೆಗಾಲದಲ್ಲಿ ನನ್ನ ಯಂತ್ರ ಕೆಲವೊಮ್ಮೆ ಏಳುವುದಿಲ್ಲ, ರ್‍ಯಾಮ್ ಕಡ್ಡಿ ಕಿತ್ತು ಒರೆಸಿ ಹಾಕಿದರೆ ಏಳುತ್ತದೆ. ಇದು ನನಗೆ ಗೊತ್ತು, ಸಂಜೆ ಪಾಠ ಹೇಳುವ ಹುಡುಗಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ದಾನ ಕೊಟ್ಟ ಕಂಪ್ಯೂಟರ್‌ಗಳು ಆರು ತಿಂಗಳಲ್ಲಿ ಮೂಲೆ ಸೇರಿ ಮೇಲೊಂದು ಬಟ್ಟೆ ಹೊದ್ದು ಕೂರುವುದನ್ನು ನಾವೆಲ್ಲ ನೋಡಿಲ್ಲವೇ? ತೊಂದರೆ ಕೊಡುವ ವಸ್ತು ತೊಂದರೆ ನಿಭಾಯಿಸಬಲ್ಲವನ ಬಳಿ ಇರಬೇಕು. ಯಾರಿಗೆ ಸಮಯ, ಹಣ, ತಿಳಿವಳಿಕೆ ಕಡಿಮೆ ಇದೆಯೋ ಅವರಿಗೇ ಗ್ಯಾರಂಟಿ ಇರುವ ಹೊಸದು ಹೆಚ್ಚು ಬೇಕು. ಲೋಕ ನಡೆಯುವುದು ಇದಕ್ಕೆ ತದ್ವಿರುದ್ಧವಾಗಿ.

ಯಂತ್ರದ ಕೊನೆಯ ಮಾತೂ ಇದೆ. ಇವತ್ತು ಪಾಠದ ಕೋಣೆಗೋ, ನಾಳೆ ಇನ್ನೆಲ್ಲಿಗೋ, ಕೊನೆಗೊಂದು ದಿನ ಅದು ಗುಜರಿಗೆ ಹೋಗುತ್ತದೆ. ವಿಶ್ವಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಲೆಕ್ಕಕ್ಕೆ ಸಿಕ್ಕು ಸರಿಯಾಗಿ ಸಂಸ್ಕರಣೆಯಾದದ್ದು ಕಾಲು ಭಾಗಕ್ಕಿಂತ ಕಡಿಮೆ. ಉಳಿದದ್ದು ಎಲ್ಲಿ? ದೆಹಲಿಯ ಸೀಲಂಪುರದಂಥ ಕಡೆ ಗಲ್ಲಿಗಳಲ್ಲಿ ಸುತ್ತಿಗೆ ಹಿಡಿದು ಕೂತ ಕೈಗಳಲ್ಲಿ. ತಾಮ್ರಕ್ಕಾಗಿ ತಂತಿ ಸುಡುತ್ತಾರೆ. ಚೂರು ಚಿನ್ನಕ್ಕಾಗಿ ಬೋರ್ಡನ್ನು ಆಮ್ಲದಲ್ಲಿ ಅದ್ದುತ್ತಾರೆ. ಸೀಸ ಕರಗಿದ ಹೊಗೆ ಎದೆಗೆ ಹೋಗುತ್ತದೆ. ಆ ಕೆಲಸ ಮಾಡುವವರು ಯಾವ ಜಾತಿ, ಯಾವ ಸಮುದಾಯದವರು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಊರಿನ ಸತ್ತ ದನವನ್ನು ಹೊರುವುದನ್ನು ನಮ್ಮ ಹಿರಿಯರು ಬಿಟ್ಟರು. ನಗರದ ಸತ್ತ ಯಂತ್ರವನ್ನು ಯಾರೋ ಹೊರುತ್ತಿದ್ದಾರೆ, ಬರಿಗೈಯಲ್ಲಿ.

ಹಾಗಾದರೆ ಗುಜರಿಯವನಿಗೆ ಕೊಡದೆ ನೋಂದಾಯಿತ ಸಂಸ್ಕರಣಾ ಘಟಕಕ್ಕೇ ಕೊಡಬೇಕೇ? 2022ರ ಇ-ತ್ಯಾಜ್ಯ ನಿಯಮ ಹೇಳುವುದು ಅದನ್ನೇ, 2023ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಆದರೆ ಹಾಗೆ ಮಾಡಿದರೆ ಗಾಡಿ ತಳ್ಳಿಕೊಂಡು ಬರುವವನ ಅನ್ನ ಹೋಗುತ್ತದೆ. ನನಗೆ ಇದು ಪೂರ್ತಿ ಬಗೆಹರಿದಿಲ್ಲ. ತಗಡಿನ ಪೆಟ್ಟಿಗೆ, ಫ್ಯಾನ್, ಸ್ಕ್ರೂಗಳನ್ನು ಗಾಡಿಯವನಿಗೆ ಕೊಡುವುದು, ಸುಡಬೇಕಾದ, ಆಮ್ಲ ಬೇಕಾದ ಬೋರ್ಡ್ ಮತ್ತು ಹಾರ್ಡ್ ಡಿಸ್ಕ್‌ಗಳನ್ನು ಘಟಕಕ್ಕೆ ತಲುಪಿಸುವುದು, ಸದ್ಯಕ್ಕೆ ನಾನು ಹಿಡಿದಿರುವ ದಾರಿ. ಅದಕ್ಕಿಂತ ಮುಂಚೆ ಆ ದಿನವನ್ನು ಸಾಧ್ಯವಾದಷ್ಟು ಮುಂದೆ ಹಾಕುವುದು. ಹಳೆಯದನ್ನು ಇಟ್ಟುಕೊಳ್ಳಲು ನನಗಿರುವ ಬಲವಾದ ಕಾರಣ ಇದೇ. ನಾಲ್ಕು ಸಾವಿರ ಉಳಿಯುತ್ತದೆ ಎಂಬುದಲ್ಲ.

ಇನ್ನು ಲೆಕ್ಕಕ್ಕೆ ಬರುತ್ತೇನೆ. ಹಳೆಯ ಯಂತ್ರ ನನ್ನ ಬಳಿಯೇ ಉಳಿಯುತ್ತದೆ. ಎಸ್‌ಎಸ್‌ಡಿಗೆ 5,000, ಬಳಸಿದ ಇನ್ನೊಂದು 8 ಜಿಬಿ ರ್‍ಯಾಮ್‌ಗೆ 4,000, ಹೊಸ ಪವರ್ ಸಪ್ಲೈಗೆ 5,000 (ಇದರಲ್ಲಿ ಜಿಪುಣತನ ಬೇಡ, ಒಂಬತ್ತು ವರ್ಷದ ಪವರ್ ಸಪ್ಲೈ ಸಾಯುವಾಗ ಪಕ್ಕದವರನ್ನೂ ಕರೆದುಕೊಂಡು ಹೋಗಬಹುದು), ಬಳಸಿದ ಜಿಟಿಎಕ್ಸ್ 1660 ಸೂಪರ್ ಕಾರ್ಡಿಗೆ 8,000. ಒಟ್ಟು 22,000. ಹೊಸ 'ಡೂಮ್' ಇದರಲ್ಲೂ ಓಡುವುದಿಲ್ಲ. ಓಡುವ ಆಟಗಳಲ್ಲಿ ನಾನು ಇನ್ನೂ ಆಡದಿರುವವು ಮೂವತ್ತಾದರೂ ಇವೆ, ನನ್ನ ನಿವೃತ್ತಿಯವರೆಗೆ ಸಾಕು. ಉಳಿದ 38,000ದಲ್ಲಿ ಪಾಠದ ಕೋಣೆಗೆ ಒಂದು ಹೊಸ ಕಂಪ್ಯೂಟರ್. ಗ್ರಾಫಿಕ್ಸ್ ಕಾರ್ಡ್ ಇಲ್ಲದ್ದು, ವಿಂಡೋಸ್ 11 ಓಡುವಂಥದ್ದು, ಮೂರು ವರ್ಷದ ಗ್ಯಾರಂಟಿ ಇರುವಂಥದ್ದು. ಮಾನಿಟರ್ ಅಲ್ಲಿ ಈಗಾಗಲೇ ಒಂದಿದೆ.

ಇದನ್ನು ತ್ಯಾಗ ಎಂದು ಯಾರೂ ಕರೆಯಬೇಡಿ. ನನಗೆ ಬೇಕಾದದ್ದರಲ್ಲಿ ಬಹುಪಾಲು ನನಗೆ ಸಿಗುತ್ತಿದೆ. ಹೆಂಡತಿ ಇನ್ನೂ ಪೂರ್ತಿ ಒಪ್ಪಿಲ್ಲ. ನಿಮ್ಮ ಎರಡು ವರ್ಷದ ಉಳಿತಾಯ, ನಿಮಗೇ ಹೊಸದು ಬೇಡವೇ ಎಂದು ಕೇಳುತ್ತಾಳೆ, ಆ ಪ್ರಶ್ನೆಯಲ್ಲಿ ಪ್ರೀತಿ ಇದೆ ಎಂದು ನನಗೆ ಗೊತ್ತು. ಎಲ್ಲರೂ ಹೀಗೇ ಮಾಡಬೇಕು ಎಂದೂ ನಾನು ಹೇಳುವುದಿಲ್ಲ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದಿದ್ದರೆ ನನ್ನ ಲೆಕ್ಕವೇ ಬೇರೆ ಇರುತ್ತಿತ್ತು.

ಆಯ್ಕೆ ಅವರದಾಗಬೇಕು ಎಂದು ಇಷ್ಟು ಉದ್ದ ಬರೆದವನು ಅವರನ್ನೇ ಕೇಳದೆ ಇರಬಾರದಲ್ಲ. ಹೋದ ಗುರುವಾರ ಪಾಠ ಹೇಳುವ ಹುಡುಗಿಯನ್ನೂ ಎಂಟನೇ ತರಗತಿಯ ನಾಲ್ಕು ಮಕ್ಕಳನ್ನೂ ಕೂರಿಸಿಕೊಂಡು, ಏನಿರಬೇಕು ಹೇಳಿ ಎಂದು ಕೇಳಿದೆ. ಪ್ರೊಸೆಸರ್ ಯಾವುದು ಎಂದು ಯಾರೂ ಕೇಳಲಿಲ್ಲ. ಕ್ಯಾಮೆರಾ ಇರುತ್ತದೆಯೇ ಎಂದು ಒಬ್ಬಳು ಕೇಳಿದಳು. ಕನ್ನಡದಲ್ಲಿ ಟೈಪ್ ಮಾಡಲು ಬರುತ್ತದೆಯೇ ಎಂದು ಇನ್ನೊಬ್ಬ. ಗೇಮ್ ಓಡುತ್ತದೆಯೇ ಎಂದು ಮೂರನೆಯವನು ಕೇಳಿದ, ಉಳಿದವರು ಅವನನ್ನು ಗುದ್ದಿದರು. ಸಣ್ಣಪುಟ್ಟದ್ದು ಓಡುತ್ತದೆ, ಭಾನುವಾರ ನಾನೇ ಬಂದು ಹಾಕಿಕೊಡುತ್ತೇನೆ ಎಂದೆ. ಪಾಠ ಹೇಳುವ ಹುಡುಗಿ ಕೊನೆಯಲ್ಲಿ ಕೇಳಿದ್ದು ಒಂದೇ ಮಾತು. ಇಲ್ಲಿ ಸಂಜೆ ಆರೂವರೆಗೆ ಕರೆಂಟ್ ಹೋಗುತ್ತದೆ ಸಾರ್, ಯುಪಿಎಸ್ ಇದೆಯೇ?

ಯುಪಿಎಸ್ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಅದಕ್ಕೆ 3,500. ಆ ಹಣ ಗ್ರಾಫಿಕ್ಸ್ ಕಾರ್ಡಿನ ಬಾಬ್ತಿನಿಂದ ಹೋಗುತ್ತದೆ, ಕಾರ್ಡ್ ಮೇ ತಿಂಗಳವರೆಗೆ ಕಾಯುತ್ತದೆ. ಪಾಠದ ಕೋಣೆಯ ಕಂಪ್ಯೂಟರ್ ಏಪ್ರಿಲ್ 14ರ ಮೊದಲೇ ಬರಬೇಕು ಎಂದು ಮಕ್ಕಳು ದಿನಾಂಕ ಕೊಟ್ಟಿದ್ದಾರೆ. ಆ ದಿನ ಜಯಂತಿಯ ಕಾರ್ಯಕ್ರಮ ಪಟ್ಟಿಯನ್ನು ತಾವೇ ಟೈಪ್ ಮಾಡಿ ಅಚ್ಚು ಹಾಕಿಸಬೇಕಂತೆ. ಭಾನುವಾರ ಬೆಳಗ್ಗೆ ಹತ್ತಕ್ಕೆ ನಾನೂ ಆ ಹುಡುಗಿಯೂ ಎಸ್.ಪಿ. ರಸ್ತೆಗೆ ಹೋಗುತ್ತಿದ್ದೇವೆ. ಬಿಲ್ ಪಾಠದ ಕೋಣೆಯ ಹೆಸರಿನಲ್ಲೇ ಇರುತ್ತದೆ. ಬರುವವರಿದ್ದರೆ ತಿಳಿಸಿ.

ಬಳಸಿದ 1660 ಸೂಪರ್ ಕಾರ್ಡ್ ಯಾರ ಬಳಿಯಾದರೂ ಇದ್ದರೆ ಈ ಗುಂಪಿನಲ್ಲಿ ಹಾಕಬೇಡಿ, ಅಡ್ಮಿನ್ ಬೈಯುತ್ತಾರೆ. ನನಗೆ ನೇರವಾಗಿ ಬರೆಯಿರಿ.

ಜೈ ಭೀಮ್. ನಮೋ ಬುದ್ಧಾಯ.